ಪಾಪ ಅಂದವರು ಚಹಾ ಮಾಡಬೇಕು

ಸುಮಿತ್ರಕ್ಕನ ಮನೆಯಲ್ಲಿ ಯಾರಾದರೂ "ಪಾಪ" ಅಂದರೆ, ಅವರೇ ಎದ್ದು ಎಲ್ಲರಿಗೂ ಚಹಾ ಮಾಡಬೇಕಿತ್ತು. ಮುಂಬಯಿಯ ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನಲ್ಲಿ ಅವರದು ಮೂರನೆಯ ಮಹಡಿ, ನನ್ನದು ಎರಡನೆಯದು. ಧಾರವಾಡದ ಆ ವಕೀಲೆ ನಕ್ಕರೆ ನನ್ನ ಅಡುಗೆಮನೆಗೂ ಕೇಳಿಸುತ್ತಿತ್ತು. ಸಂಜೆಯ ವಾಕಿಂಗ್ ಮುಗಿಸಿ ಹೋದಾಗಲೆಲ್ಲ ನನ್ನನ್ನು ಬಲೆಗೆ ಕೆಡವುತ್ತಿದ್ದರು.

"ಬೆಕ್ಕು ಕಿಡಕಿಯಿಂದ ಬಿತ್ತ್ರೀ ಟೀಚರ್."

"ಅಯ್ಯೋ, ಪಾಪ!"

"ಶುಂಠಿ ಜಾಸ್ತಿ ಹಾಕ್ರಿ."

ಈ ನಿಯಮ ಹುಟ್ಟಿದ್ದು ಒಂದು ಅತ್ಯಾಚಾರದ ಕೇಸಿನಿಂದ. ನಮ್ಮಲ್ಲಿ ಚಪಾತಿ ಮಾಡಲು ಬರುತ್ತಿದ್ದ ವಿಜಯಪುರದ ನೀಲವ್ವನ ಮಗಳು ಬೈಕುಲ್ಲಾದಲ್ಲಿ ಹೊಲಿಗೆ ಕೆಲಸಕ್ಕಿದ್ದಳು. ಬಲಾತ್ಕಾರ ಮಾಡಿದವನು ಅಪರಿಚಿತನಲ್ಲ, ಅವಳನ್ನು "ಬೇಟಾ" ಎಂದು ಕರೆಯುತ್ತಿದ್ದ ಮಾಲೀಕ. ಕೇಸು ಬಿಟ್ಟು ಅವಳನ್ನು ಊರಿಗೊಯ್ದು ಯಾರಿಗಾದರೂ ಕಟ್ಟಿಬಿಡಬೇಕೆಂದು ನೀಲವ್ವ. ಕೋರ್ಟಿನಲ್ಲಿ ಹೇಳಿಯೇ ತೀರುತ್ತೇನೆಂದು ಮಗಳು.

"ಅಷ್ಟು ಹೊತ್ತಿನ ತನಕ ಅಲ್ಲೇಕಿದ್ದಳಂತೆ?" ಎಂದರು ಕೆಳಮನೆಯವರು.

"ಓವರ್‌ಟೈಮಿಗೆ ಇದ್ಲು. ಅಂವ ಯಾಕಿದ್ದ, ಅದನ್ನ ಕೇಳಿದ್ರೇನು?" ಎಂದರು ಸುಮಿತ್ರಕ್ಕ. ಕೇಳಿದವರು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದರು.

ನೀಲವ್ವನಿಗೆ ಅಕ್ಕ ಹೇಳಿದ್ದಿಷ್ಟೇ: "ಲಗ್ನ ಆಕಿಗೆ ಮನಸ್ ಬಂದಾಗ ಆಗ್ತದ. ಮೊದಲ ಸಾಕ್ಷಿ ಹೇಳ್ಲಿ." ಸರಕಾರಿ ವಕೀಲರ ನೆರವಿಗೆ ತಾವೇ ನಿಂತರು.

ವಿಚಾರಣೆ ಫೋರ್ಟಿನ ಸೆಷನ್ಸ್ ಕೋರ್ಟಿನಲ್ಲಿ, ಮುಚ್ಚಿದ ಬಾಗಿಲೊಳಗೆ. ನಾನು ಹೊರಗೆ ಬೆಂಚಿನ ಮೇಲೆ. ಒಳಗಿನಿಂದ ಸುಮಿತ್ರಕ್ಕನ ನಗು ಕೇಳಿಸಿದಾಗ ಗಾಬರಿಯಾದೆ. ಏನಾಯಿತೆಂದು ಆಮೇಲೆ ಉಡುಪಿ ಹೋಟೆಲಿನಲ್ಲಿ ಅವರೇ ಹೇಳಿದರು.

ಕಟಕಟೆಯಲ್ಲಿ ನೀಲವ್ವ ಸೆರಗು ಕಚ್ಚಿಕೊಂಡು, "ಪಾಪ್ರೀ ನನ್ನ ಮಗಳು, ಪಾಪ!" ಎಂದಳಂತೆ. ಭಾಷಾಂತರಕ್ಕೆ ನಿಂತಿದ್ದ ಮುಂಬಯಿಯಲ್ಲೇ ಬೆಳೆದ ತರುಣನಿಗೆ ಕನ್ನಡ ಅಷ್ಟಕ್ಕಷ್ಟೆ. ಅವನು ಮರಾಠಿಯಲ್ಲಿ "ಮಗಳು ಮಾಡಿದ ಪಾಪ" ಎಂದುಬಿಟ್ಟ. ಎದುರು ವಕೀಲರು ತಟ್ಟನೆ ಎದ್ದರು: ಹೆತ್ತ ತಾಯಿಯೇ ತಪ್ಪು ಮಗಳದೆಂದು ಒಪ್ಪಿದ್ದಾಳೆ, ಬರೆದುಕೊಳ್ಳಿ!

"ನನಗ ನಗು ತಡೀಲಿಲ್ಲ ನೋಡ್ರಿ. ಕ್ಷಮಾ ಕೇಳಿ ಹೇಳಿದೆ, ಸಾಹೇಬ್ರ, ನಮ್ಮ ಭಾಷಾದಾಗ ಕನಿಕರಕ್ಕೂ ಪಾಪ ಅಂತೀವಿ, ಮಾಡಬಾರದ್ದು ಮಾಡಿದ್ರೂ ಪಾಪ ಅಂತೀವಿ. ತಾಯಿ ಹೇಳಿದ್ದು ಮೊದಲಿಂದು. ಎರಡನೇದು ಆರೋಪಿ ಕಡೆ ಕೂತದ."

ನ್ಯಾಯಾಧೀಶರು ದಾಖಲೆ ತಿದ್ದಿಸಿದರು. ಹುಡುಗಿಗೆ ಮೊದಲು ಯಾರ ಜೊತೆ ಸ್ನೇಹವಿತ್ತು ಎಂದು ಎದುರು ವಕೀಲರು ಕೇಳಹೊರಟಾಗಲೂ ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲವೆಂದು ತಡೆದರು.

"ಹಂಗಂತ ಆ ಶಬ್ದಾನ ಸುಮ್ನ ಬಿಡಂಗಿಲ್ಲ," ಎಂದು ಅಕ್ಕ ಅಂದೇ ಚಹಾದ ಶಿಕ್ಷೆ ಘೋಷಿಸಿದರು.

ತೀರ್ಪಿನ ದಿನ ಮಾಲೀಕನಿಗೆ ಜೈಲಾಯಿತು. ಅದೇ ಉಡುಪಿ ಹೋಟೆಲಿನಲ್ಲಿ ನೀಲವ್ವ ಅಕ್ಕನ ಕಾಲಿಗೆ ಬೀಳಹೋದಳು. "ನನಗ್ಯಾಕ? ಬಾಯಿ ಬಿಟ್ಟು ಹೇಳಿದಾಕಿ ನಿನ್ನ ಮಗಳು. ಇನ್ನ ಹೈಕೋರ್ಟ್ ಅದ, ಈಗ ದ್ವಾಸಿ ತಿನ್ನು."

ಹೋದ ವರ್ಷ ಸುಮಿತ್ರಕ್ಕ ನಿದ್ದೆಯಲ್ಲೇ ಹೋದರು. ಸೊಸೈಟಿಯ ಶೋಕಸಭೆಗೆ ನೀಲವ್ವ ಮಗಳೊಂದಿಗೆ ಬಂದಳು. ಸೆಕ್ರೆಟರಿ ಮಗಳನ್ನು ನೋಡಿ, "ನೀನ್ಯಾರಮ್ಮ? ಅವರಿಗೇನಾಗಬೇಕು?" ಎಂದರು. ನೀಲವ್ವ ಮಗಳ ದುಪಟ್ಟಾ ಜಗ್ಗಿದಳು. ಮಗಳು ಬಿಡಿಸಿಕೊಂಡು ತನ್ನ ಹೆಸರು, ಮನೆತನದ ಅಡ್ಡಹೆಸರು ಎರಡನ್ನೂ ಹೇಳಿ, "ಅಕ್ಕಾರು ನಡೆಸಿದ ಕೇಸು ನಂದು. ಗೆದ್ದೀನಿ," ಎಂದಳು.

ಕಾನೂನಿನ ಪ್ರಕಾರ ಆ ಹೆಸರನ್ನು ನಾನು ಇಲ್ಲಿ ಬರೆಯುವಂತಿಲ್ಲ. ಅವಳು ಮಾತ್ರ ಎರಡು ಸಲ ಹೇಳಿದಳು. ಸೆಕ್ರೆಟರಿಗೆ ಕಿವಿ ಸ್ವಲ್ಪ ಮಂದ.