ಡಬ್ಬದ ತಲೆ ಸವರುವ ಸ್ಯೊಕಾವು

ಕೀನ್ಯಾದ ವೋಟೆ ಪೇಟೆಯ ಹಿಂಬದಿಯ ಜಾಮ್ ಅಡುಗೆಮನೆಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಸ್ಯೊಕಾವು ಮುಲ್ವಾ ಆಗಲೇ ಸೊಂಟಕ್ಕೆ ಬಟ್ಟೆ ಬಿಗಿದು ಕೂತಿದ್ದಾರೆ. ಹೆಚ್ಚಿದ ಮಾವಿನಹಣ್ಣನ್ನು ವನಸ್ಪತಿಯ ಖಾಲಿ ಡಬ್ಬಕ್ಕೆ ತುಂಬುತ್ತಾರೆ, ಬಿದಿರಿನ ಪಟ್ಟಿಯಿಂದ ಅದರ ತಲೆ ಸವರಿ ಮಟ್ಟ ಮಾಡುತ್ತಾರೆ. ಪಕ್ಕದ ಬೋಗುಣಿಗೆ ಉದುರಿದ ಹೋಳುಗಳನ್ನು ನೋಡಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

"ಹೀಗೆ ಸವರೋದು ಅಂದ್ರೆ ನಂಗೆ ಸಂಕಟ ಕಣ್ರೀ," ಎನ್ನುತ್ತಾರೆ.

ಈ ಅಡುಗೆಮನೆ ನಡೆಸುವ ಹೆಂಗಸರ ಸಂಘದ ಪಾಕದ ಲೆಕ್ಕವೆಲ್ಲ ಕಿಲೋದಲ್ಲಿದೆ. ಇರುವ ತಕ್ಕಡಿಯೋ ಒಂದು ಡಬ್ಬಕ್ಕೇ ಏದುಸಿರು ಬಿಡುತ್ತದೆ. ಹಾಗಾಗಿ ಬೆಳಿಗ್ಗೆ ಹಣ್ಣಿನದೊಂದು, ಸಕ್ಕರೆಯದೊಂದು ಡಬ್ಬ ತೂಗಿ, ದಿನವಿಡೀ ಡಬ್ಬದಲ್ಲೇ ಅಳೆಯುವುದು ಸ್ಯೊಕಾವು ಕೆಲಸ. ಗಟ್ಟಿ ಹಣ್ಣಿಗೊಂದು ತೂಕ, ಕಳಿತ ಹಣ್ಣಿಗೊಂದು.

"ಡಬ್ಬದ ಮೇಲೆ ಎರಡು ಕಿಲೋ ಅಂತ ಬರೆದಿದೆಯಲ್ಲ, ಅದು ವನಸ್ಪತಿ ಲೆಕ್ಕ. ಹೋಳು ತುಂಬಿದ್ರೆ ಒಂದೂವರೆ ಕಿಲೋ ಆಗೋದೂ ಕಷ್ಟ, ಸಂದಿಯಲ್ಲೆಲ್ಲ ಗಾಳಿ. ಅದೇ ಹಣ್ಣು ಅರೆದು ತುಂಬಿ, ಎರಡು ಕಿಲೋ ದಾಟುತ್ತೆ. ಸಕ್ಕರೆ ಇವೆರಡರ ನಡುವೆ ಎಲ್ಲೋ."

ಕಲ್ಲುಗಣಿಯಲ್ಲಿ ಗಂಡನ ಕಾಲು ಮುರಿದ ಮೇಲೆ ಮನೆ ನಡೆಸಿದ್ದು ಇವರ ಇದೇ ಡಬ್ಬ. ಪೇಟೆಯ ಬಿಸಿಲಲ್ಲಿ ಕೂತು ಸೀಬೆ, ಹುಣಸೆ ಅಳೆದು ಮಾರಿದವರು. ತುಂಬಿದ ಡಬ್ಬದ ಮೇಲೆ ಒಂದು ಬೊಗಸೆ ಕೊಸರು ಹಾಕದವರ ಮುಂದೆ ನಮ್ಮೂರಲ್ಲಿ ಯಾರೂ ನಿಲ್ಲುವುದಿಲ್ಲ. ನಾನೂ ಅವರ ಗಿರಾಕಿಯೇ. ನಿಜ ಹೇಳಬೇಕೆಂದರೆ, ಹೋಗುತ್ತಿದ್ದದ್ದೇ ಆ ಕೊಸರಿನ ಆಸೆಗೆ.

ಎಡವಟ್ಟು ಆಗಿದ್ದೂ ಅದರಿಂದಲೇ. ನೈರೋಬಿಯ ಹೋಟೆಲಿಗೆ ಕಳಿಸಿದ ಮೊದಲ ಜಾಮ್ ನೀರುನೀರಾಗಿ ವಾಪಸು ಬಂತು. ಹೆಂಗಸರು ಸೌದೆಯನ್ನು ಬೈದರು, ಪಾತ್ರೆಯನ್ನು ಬೈದರು. ಸ್ಯೊಕಾವುಗೆ ಮಾತ್ರ ತನ್ನ ಕೈಮೇಲೇ ಅನುಮಾನ. ಅವತ್ತಿನ ಹಾಗೇ ಮತ್ತೆ ಅಳೆದು ನೋಡಿದರೆ, ಹಣ್ಣಿನ ಒಂದೊಂದು ಡಬ್ಬಕ್ಕೂ ಕೊಸರು ಬೀಳುತ್ತಿತ್ತು.

"ಸಕ್ಕರೆ ಅಂಗಡಿಯಿಂದ ತಂದಿದ್ದಲ್ವಾ, ಅದನ್ನ ಮಾತ್ರ ಕೈ ತಾನಾಗೇ ಮಟ್ಟಸ ಮಾಡಿಬಿಟ್ಟಿದೆ! ಹಣ್ಣು ಜಾಸ್ತಿ, ಸಕ್ಕರೆ ಕಮ್ಮಿ. ಪಾಕ ಹೇಗೆ ಗಟ್ಟಿಯಾಗುತ್ತೆ?"

ಹೋಟೆಲಿನವರು ಇನ್ನೊಂದೇ ಅವಕಾಶ ಕೊಟ್ಟಿದ್ದಾರೆ. ಅದು ಇವತ್ತಿನ ಜಾಮ್. ಇದೂ ನೀರಾದರೆ ಅಡುಗೆಮನೆಗೆ ಬೀಗ, ಎಲ್ಲರೂ ಮತ್ತೆ ಬಿಸಿಲಿಗೆ.

ಒಲೆಯ ಮುಂದಿರುವ ಹಿರಿಯಾಕೆ ಕವಿಂಡು ಸುಮ್ಮನಿರುವವರಲ್ಲ. "ಏನೇ, ನಿನ್ನ ಧಾರಾಳದ ಕೈನ ಇವತ್ತು ಮನೆಯಲ್ಲೇ ಬಿಟ್ಟುಬಂದಿದ್ದೀಯೇನೇ?"

"ನೀನು ಸೌಟು ಆಡಿಸಕ್ಕಾ. ತಳ ಹಿಡಿದ್ರೆ ಅದನ್ನೂ ನನ್ನ ತಲೆಗೇ ಕಟ್ತೀಯ."

ಕುದಿ ದಪ್ಪವಾಗುತ್ತದೆ. ಕವಿಂಡು ತಣ್ಣನೆಯ ತಟ್ಟೆಗೆ ಒಂದು ಚಮಚ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಓರೆ ಮಾಡುತ್ತಾರೆ. ಜಾಮ್ ಜಾರುವುದಿಲ್ಲ. ಸ್ಯೊಕಾವು ಬೆರಳಿನಿಂದ ನಡುವೆ ಗೆರೆ ಎಳೆಯುತ್ತಾರೆ, ಗೆರೆ ಹಾಗೇ ನಿಲ್ಲುತ್ತದೆ. ನನಗಂತೂ ಹೋದ ಜೀವ ಬಂದಂತಾಗುತ್ತದೆ.

"ಬಂತು ಕಣೇ!" ಎಂದು ಕವಿಂಡು ಸ್ಯೊಕಾವು ಅವರ ಬೆನ್ನಿಗೆ ಗುದ್ದುತ್ತಾರೆ.

ಚಹಾ ಬರುತ್ತದೆ, ಜೊತೆಗೆ ಎಣ್ಣೆಯಲ್ಲಿ ಕರಿದ ಬಿಸಿ ಮಂದಾಜಿ. ಇನ್ನೇನು ಆಸೆಯಿದೆ ಎಂದು ಕೇಳುತ್ತೇನೆ. ಸೀಸೆಗಳಿಗೆ ಮುಚ್ಚಳ ತಿರುಗಿಸುತ್ತಿದ್ದ ಸ್ಯೊಕಾವು ಒಂದು ಸೀಸೆ ಎತ್ತಿ ನೋಡುತ್ತಾರೆ.

"ಆಸೆ ಏನಿಲ್ಲ, ಒಂದು ಬೇಜಾರಿದೆ. ತಿನ್ನೋರ ಮುಖ ಕಾಣಲ್ಲ. ಮುಚ್ಚಳ ಹಾಕಿದ ಸೀಸೆ ಮೇಲೆ ಕೊಸರು ಎಲ್ಲಿ ಅಂತ ಇಡೋದು?"

ಆಮೇಲೆ ಬೋಗುಣಿಯಲ್ಲಿ ಉಳಿದ ಹೋಳುಗಳನ್ನೆಲ್ಲ ಬಾಚಿ ನನ್ನ ಬೊಗಸೆಗೆ ಸುರಿಯುತ್ತಾರೆ.

"ಹಿಡೀರಿ, ಹಳೇ ಗಿರಾಕಿ ನೀವು. ಇದನ್ನ ಅಳೆದಿಲ್ಲ."