ಬಿಸಿಲು ಕಾಯುವ ಪೆನ್ನು

“ಜೇಬಿನ ಮೇಲೆ ನೀಲಿ ಕಲೆ ಇಲ್ದಿದ್ರೆ ಅದು ಕರಿಬಸವಯ್ಯನ ಅಂಗಿ ಅಲ್ಲ ಕಣ್ರೀ, ಯಾರ್ದೋ ಎರವಲು ತಂದವ್ರೆ” ಎನ್ನುತ್ತಿದ್ದರು ಬಿಳಿಗೆರೆಯ ಅಕ್ಕಪಕ್ಕದವರು.

ಊರಿನ ಲಗ್ನಪತ್ರಿಕೆಗಳನ್ನೆಲ್ಲ ಬರೆಯುತ್ತಿದ್ದವರು ಅವರೇ, ಅದೂ ಅಪ್ಪ ಬಿಟ್ಟುಹೋದ ಕಪ್ಪು ಮೈಯ ಇಂಕ್ ಪೆನ್ನಿನಲ್ಲಿ. ಎರಡೂ ಕಡೆಯ ಹಿರಿಯರ ಮುಂದೆ ಮೊದಲ ಗೆರೆ ತಡೆಯದೆ ಓಡಬೇಕು. ನಿಬ್ಬು ತಡವರಿಸಿತೋ, ಬೀಗರು ಮುಖ ಮುಖ ನೋಡಿಕೊಳ್ಳುತ್ತಾರೆ.

ಎಪ್ಪತ್ತೆಂಟರ ಚಳಿಗಾಲದಲ್ಲಿ ಆ ಪೆನ್ನು ಕತ್ತಿನ ತಿರುಪಿನ ಹತ್ತಿರ ಒಂದೇ ಸಮ ಸೋರತೊಡಗಿತು. ಕರಿಬಸವಯ್ಯ ಮೇಣ ಸವರಿದರು, ದಾರ ಸುತ್ತಿದರು. ನಿಲ್ಲಲಿಲ್ಲ. ಕಿರುಗುಟ್ಟುವ ಬಾಗಿಲಿಗೆ, ಒಡೆದ ಹಿಮ್ಮಡಿಗೆ, ಎತ್ತಿನ ಹೆಗಲಿಗೆ ಏನು ಹಾಕುತ್ತಾರೋ ಅದನ್ನೇ ಇದಕ್ಕೂ ಹಾಕಿದರು: ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆ.

ಮರುದಿನ ಬೆಳಿಗ್ಗೆ ಸೋರುವುದು ನಿಂತಿತ್ತು. ಬರೆಯುವುದೂ ನಿಂತಿತ್ತು. ಮಧ್ಯಾಹ್ನಕ್ಕೆ ಎರಡೂ ಒಟ್ಟಿಗೆ ಶುರುವಾದವು.

ಬೆಳಿಗ್ಗೆ ಮೂಗ, ಮಧ್ಯಾಹ್ನ ಬಾಯಿಬಡುಕ. ಅವರು ತಿಪಟೂರಿಗೆ ಹೋಗಿ ಹೊಸ ಇಂಕು ತಂದರು, ನಿಬ್ಬಿನ ಸೀಳಿಗೆ ಬ್ಲೇಡು ಆಡಿಸಿದರು, ಕಾಗದವನ್ನು ಬೈದರು. ಕೊನೆಗೆ, “ನೀನೇ ಎಲ್ಲೋ ಬೀಳಿಸಿದೀಯ” ಎಂದು ಹೆಂಡತಿ ಸುವರ್ಣಮ್ಮನನ್ನೂ ಬೈದರು. ಆಕೆ ಪೆನ್ನನ್ನು ಒಮ್ಮೆ ಮೂಸಿ ನೋಡಿ ಒಳಗೆ ಹೋದಳು.

ಮಾಘದ ಒಂದು ಬೆಳಿಗ್ಗೆ ಕಾಡಸಿದ್ದಪ್ಪನ ಮಗಳ ಲಗ್ನಪತ್ರಿಕೆ. ಗಂಡಿನ ಕಡೆಯವರು ದಬ್ಬೇಘಟ್ಟದಿಂದ ಬಂದಿದ್ದರು. ಕರಿಬಸವಯ್ಯ ಅರಿಶಿನ ಹಚ್ಚಿದ ಹಾಳೆಯ ಮೇಲೆ ನಿಬ್ಬು ಊರಿದರು. ಒಣ ಗೀರು. ಕೊಡವಿದರು. ಮತ್ತೆ ಒಣ ಗೀರು.

ಪಕ್ಕದಲ್ಲಿದ್ದವನು ಕೊಬ್ಬರಿ ವ್ಯಾಪಾರದ ತೋಂಟದಾರ್ಯ. ಆ ಜಾಗದಲ್ಲಿ ಕೂರಬೇಕೆಂದು ಆರು ವರ್ಷದಿಂದ ಕಾದಿದ್ದವನು. ಜೇಬಿನಿಂದ ಬಾಲ್‌ಪೆನ್ನು ತೆಗೆದ.

“ಈಕಡೆ ಜರುಗು ಬಸವಯ್ಯ, ನಾನೇ ಬರೀತೀನಿ. ಇದು ಚಳೀಗೆ ನಡುಗಲ್ಲ.”

ಇವತ್ತು ಜರುಗಿದರೆ ಮತ್ತೆ ಯಾರೂ ತನ್ನನ್ನು ಕರೆಯುವುದಿಲ್ಲ ಎಂದು ಕರಿಬಸವಯ್ಯನವರಿಗೆ ಗೊತ್ತಿತ್ತು. ತಲೆ ಎತ್ತಿದರು. ಅಂಗಳದ ಗೋಡೆಯ ಮೇಲೆ ಯಾರೋ ಕೊಬ್ಬರಿ ಎಣ್ಣೆ ಸೀಸೆ ಇಟ್ಟಿದ್ದರು, ಬಿಸಿಲು ಬಂದಾಗ ಕರಗಲಿ ಎಂದು. ಒಳಗೆ ಎಣ್ಣೆ ಬೆಳ್ಳಗೆ ಗಡ್ಡೆ ಕಟ್ಟಿತ್ತು.

ಅವರ ಕಿವಿ ಬಿಸಿಯಾಯಿತು. ಬಾಗಿಲ ಬಳಿ ಸುವರ್ಣಮ್ಮ ನಗು ತಡೆಯಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಕರಿಬಸವಯ್ಯ ಪೆನ್ನನ್ನು ಎಲೆಯಡಿಕೆ ತಟ್ಟೆಯಲ್ಲಿ ಮಲಗಿಸಿದರು. “ಬಿಸ್ಲು ಅಂಗಳಕ್ಕೆ ಇಳೀದೆ ಲಗ್ನ ಬರೀಬಾರ್ದು ಕಣ್ರಪ್ಪ. ಸೂರ್ಯ ಸಾಕ್ಷಿ ಇರ್ಬೇಕು. ನಮ್ಮಪ್ಪ ಹಂಗೇ ಬರೀತಿದ್ದುದು.”

“ಹೋದ್ವರ್ಷ ಮರುಳಪ್ಪನ ಮನೇಲಿ ಜಡಿಮಳೇಲಿ ಬರ್ದೆಯಲ್ಲಯ್ಯ?” ಎಂದ ತೋಂಟದಾರ್ಯ.

“ಅದಕ್ಕೇ ಆ ಮದ್ವೇಲಿ ಪಾಯಸ ಸೀದೋಗಿದ್ದು.”

ಸೀದ ಪಾಯಸ ಎಲ್ಲರಿಗೂ ನೆನಪಿತ್ತು. ದಬ್ಬೇಘಟ್ಟದ ಹಿರಿಯರು ತಲೆಯಾಡಿಸಿ, “ಕಾಯನ ಬುಡಿ” ಎಂದರು. ಬಿಸಿಲು ಬಂತು. ತಟ್ಟೆ ಅಂಗಳಕ್ಕೆ ಹೋಯಿತು. ಅರ್ಧ ಗಂಟೆಯ ಮೇಲೆ ಮೊದಲ ಗೆರೆ ತಡೆಯದೆ ಓಡಿತು. ಸೋರಿದ್ದೆಲ್ಲ ಕರಿಬಸವಯ್ಯನವರ ಅಂಗೈ ಕುಡಿಯಿತು.

ಮನೆಗೆ ಬಂದ ಮೇಲೆ ಸುವರ್ಣಮ್ಮ ಕೈ ಚಾಚಿದಳು. “ಕೊಡ್ರಿ ಇಲ್ಲಿ. ಎಣ್ಣೆ ಹಚ್ಚಿದ್ಮೇಲೆ ಸೀಗೆಕಾಯಿ ಹಾಕ್ಬೇಕು ಅಂತ ಗೊತ್ತಿಲ್ವಾ?”

“ನಿಂಗೆ ಮೊದ್ಲೇ ಗೊತ್ತಿತ್ತಾ?”

“ಎಂಟು ದಿನದಿಂದ. ನೀವು ಬೈಯ್ತಾ ಇದ್ರಿ, ಕೇಳ್ಲಿಲ್ಲ.”

ಸೀಗೆ ನೀರಿನಲ್ಲಿ ಮಿಂದು, ಆಕೆ ಬಿಗಿಯಾಗಿ ಸುತ್ತಿದ ಎರಡೆಳೆ ದಾರ ಉಟ್ಟು, ಪೆನ್ನು ನೆಟ್ಟಗಾಯಿತು. ಆದರೆ ಬಿಸಿಲಿನ ಶಾಸ್ತ್ರ ಊರಿನಲ್ಲೇ ಉಳಿಯಿತು. ತನ್ನ ಮಗಳ ಪತ್ರಿಕೆಯ ದಿನ ತೋಂಟದಾರ್ಯನೇ ಮೋಡ ನೋಡುತ್ತಾ ಅಂಗಳದಲ್ಲಿ ಶತಪಥ ತಿರುಗಿದ. ಕರಿಬಸವಯ್ಯ ಒಳಗೆ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು.

ಎಂಬತ್ತಾರರ ಮಾಘದಲ್ಲಿ ಒಂದು ಮಧ್ಯಾಹ್ನ, ಊಟ ಮಾಡಿ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಸುವರ್ಣಮ್ಮ ಹುಡುಕಿ ಹುಡುಕಿ ನೀಲಿ ಕಲೆಯ ಅಂಗಿಯನ್ನೇ ತೊಡಿಸಿದಳು, ಜೇಬಿಗೆ ಪೆನ್ನು ಸಿಕ್ಕಿಸಿದಳು. ಮರುದಿನ ಬೆಳಿಗ್ಗೆ ನಡುಮನೆಯಲ್ಲಿ, ಹೊತ್ತೊಯ್ಯಲು ಬಿದಿರು, ಹೂವಿನಿಂದ ಕಟ್ಟಿದ ವಿಮಾನದೊಳಗೆ ಅವರನ್ನು ಕೂರಿಸಿದರು. ಹೊರುವವರು ಹೆಗಲು ಕೊಟ್ಟರು.

“ಇಳಿಸ್ರಪ್ಪ,” ಎಂದ ತೋಂಟದಾರ್ಯ. “ಬಿಸ್ಲು ಬರ್ಲಿ. ಇಲ್ದಿದ್ರೆ ಆವಯ್ಯ ಒಪ್ಪಲ್ಲ.”

ಸುವರ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿದ್ದವು. ಹೆಂಗಸರು ಸಮಾಧಾನ ಮಾಡಿದರು.

ಎಲ್ಲರೂ ಕಾದರು. ಬಿಸಿಲು ಅಂಗಳಕ್ಕೆ ಇಳಿಯಿತು, ಹೊಸಿಲು ದಾಟಿತು, ಜೇಬಿನ ನೀಲಿ ಕಲೆಯ ಮೇಲೆ ಬಿತ್ತು. ಆಮೇಲೆ ಕರಿಬಸವಯ್ಯ ಮನೆಯಿಂದ ಹೊರಟರು.