ಬರಿಗೈಯ ಟಕ್

ಆಗ ನಮ್ಮ ಬನಹಟ್ಟಿಯ ಓಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಮಾತಾಡಿದರೂ ಕೇಳಿಸುತ್ತಿರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಮನೆಮನೆಯಲ್ಲೂ ಪಾವರ್‌ಲೂಮ್ ಖಟಖಟ ಅನ್ನುತ್ತಿದ್ದ ಕಾಲವದು. ಅವ್ವ ಅಪ್ಪನನ್ನು ಊಟಕ್ಕೆ ಕರೆಯುವುದು ಕೈಸನ್ನೆಯಲ್ಲಿ, ಅಪ್ಪ ಚಹಾ ಕೇಳುವುದು ಹುಬ್ಬು ಏರಿಸಿ. ಬೇರೆ ಊರಿನಿಂದ ಬಂದ ನೆಂಟರು ತಲೆ ಹಿಡಿದುಕೊಂಡು ಕೂತರೆ ನಮಗೆ ನಗು ಬರುತ್ತಿತ್ತು.

ಅಂಥ ಓಣಿ ಒಂದು ಬೇಸಿಗೆಯಲ್ಲಿ ಒಂದೂವರೆ ತಿಂಗಳು ಸುಮ್ಮನಾಯಿತು. ನೂಲಿನ ದರ ಏರಿತೆಂದು ಮಗ್ಗದವರೆಲ್ಲ ಕೂಡಿ ಮಗ್ಗ ನಿಲ್ಲಿಸಿದ್ದರು. ನಾನು ಐದನೇ ಇಯತ್ತೆ ಮುಗಿಸಿದ್ದೆ, ತಂಗಿ ಗೌರಿ ಎರಡನೇದು. ದೊಡ್ಡವರು ಕಟ್ಟೆಯ ಮೇಲೆ ಕೂತು ಚಿಂತೆ ಮಾಡುತ್ತಿದ್ದರು. ನಾವು ಮಾತ್ರ ಮಗ್ಗದ ಕೋಣೆಯಲ್ಲೇ ಆಣಿಕಲ್ಲು ಆಡುತ್ತಿದ್ದೆವು. ಗಂಜಿ ಹಾಕಿದ ನೂಲಿನ ವಾಸನೆ, ಮಗ್ಗದ ಎಣ್ಣೆಯ ವಾಸನೆ, ಮೂಗಿನೊಳಗೆ ಹೋಗುವ ಹತ್ತಿಯ ಧೂಳು, ಇವುಗಳ ನಡುವೆ ಅಷ್ಟು ಹೊತ್ತು ಸದ್ದಿಲ್ಲದೆ ಕೂತದ್ದು ಅದೇ ಮೊದಲು.

ಆ ದಿನಗಳಲ್ಲೇ ಒಮ್ಮೆ ಅಪ್ಪ ಮಹಾಲಿಂಗಪುರದ ನಮ್ಮ ಸೋದರಮಾವನ ಮನೆಗೆ ಹೋಗಿ ಬಂದ. ಕೈಯಲ್ಲಿ ಬಿದಿರಿನ ಬುಟ್ಟಿ, ಅದಕ್ಕೆ ಬೆಲ್ಲದ ವಾಸನೆ. ಬೆಲ್ಲವೇ ಇರಬೇಕೆಂದು ನಾನು ಮುಚ್ಚಳ ತೆಗೆದರೆ ಒಳಗೆ ಒಂದು ಮುಷ್ಟಿಯಷ್ಟು ಬಿಳಿ ಮೊಲದ ಮರಿ.

"ಅಯ್ಯ, ಇದನ್ಯಾಕ ತಂದ್ರಿ? ಮಗ್ಗ ನಿಂತ ಕುಂತಾವ, ಇದಕ್ಕೇನ್ ಹಾಕೂಣು?" ಅಂದಳು ಅವ್ವ.

"ಹುಡುಗೂರು ಸುಮ್ಮ ಕುಂತಾವ, ಆಡ್ಲಿ ಬಿಡ," ಅಂದ ಅಪ್ಪ. ಅದನ್ನೆತ್ತಿ ಗೌರಿಯ ಮಡಿಲಿಗೆ ಹಾಕಿದ. "ನೋಡ ತಂಗಿ, ಥೇಟ್ ಕಂಡಿಕಿ ಇದ್ದಂಗ ಐತಿ."

ಕಂಡಿಕಿ ಅಂದರೆ, ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಇಡುವ, ನೂಲು ಸುತ್ತಿದ ಸಣ್ಣ ಕೋಲು. ಬಿಳಿ ನೂಲು ತುಂಬಿಕೊಂಡಾಗ ಹೊಟ್ಟೆ ಉಬ್ಬಿ ಚೆಂದ ಕಾಣುತ್ತದೆ. ಮೊಲಕ್ಕೆ ಅದೇ ಹೆಸರಾಯಿತು.

ಟೀವಿಯಲ್ಲಿ ನಾಯಿಗೆ ಆಟ ಕಲಿಸುವ ಹೆಂಗಸೊಬ್ಬಳನ್ನು ನಾವಿಬ್ಬರೂ ನೋಡಿದ್ದೆವು. ಅವಳ ಕೈಯಲ್ಲಿ ಒಂದು ಸಣ್ಣ ಡಬ್ಬಿ, ಒತ್ತಿದರೆ ಟಕ್ ಅನ್ನುತ್ತದೆ. ನಾಯಿ ಹೇಳಿದ್ದನ್ನು ಮಾಡಿದ ಕೂಡಲೇ ಟಕ್, ಅದರ ಹಿಂದೆಯೇ ಬಾಯಿಗೆ ತಿನಿಸು. ಗೌರಿಗೆ ಅದು ತಲೆಯಲ್ಲಿ ಕೂತಿತ್ತು. ನಮ್ಮಲ್ಲಿ ಅಂಥ ಡಬ್ಬಿ ಎಲ್ಲಿಂದ ಬರಬೇಕು? ಆಕೆ ಮೂಲೆಯಲ್ಲಿ ಬಿದ್ದಿದ್ದ ಸವೆದ ಲಾಳಿಯೊಂದನ್ನು ತಂದಳು. ಲಾಳಿಯ ಹೊಟ್ಟೆಯಲ್ಲಿ ಕಂಡಿಕಿ ಸಿಕ್ಕಿಸುವ ಕಬ್ಬಿಣದ ಕಡ್ಡಿ ಇರುತ್ತದೆ. ಅದನ್ನು ಮೇಲೆತ್ತಿ ಒತ್ತಿದರೆ ಟಕ್ ಎಂದು ಕೂರುತ್ತದೆ. ನೇಕಾರರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಸದ್ದು ಯಾವುದಿತ್ತು?

ಮೊದಲ ದಿನ ಟಕ್ ಅಂದರೆ ಕಂಡಿಕಿ ಬೆದರಿ ನೂಲಿನ ಚೀಲದ ಹಿಂದೆ ಅಡಗುತ್ತಿತ್ತು. ಗೌರಿ ಅವ್ವನ ಹಳೇ ಸೀರೆಯ ತುಂಡನ್ನು ಲಾಳಿಗೆ ಸುತ್ತಿ ಸದ್ದು ಸಣ್ಣದು ಮಾಡಿದಳು. ಟಕ್, ಒಂದು ಕೊತ್ತಂಬರಿ ಎಲೆ. ಟಕ್, ಒಂದು ಚೂರು ಗಜ್ಜರಿ. ನಾಲ್ಕನೇ ದಿನಕ್ಕೆ ಸದ್ದು ಕೇಳಿದರೆ ಸಾಕು, ತಾನೇ ಬಂದು ಮೂಗು ಅಲುಗಿಸುತ್ತ ನಿಲ್ಲುತ್ತಿತ್ತು. ಆಮೇಲೆ ಮಣೆ ಹತ್ತಿದರೆ ಟಕ್. ಗೌರಿಯ ಸುತ್ತ ಒಂದು ಸುತ್ತು ಬಂದರೆ ಟಕ್. ಎರಡೇ ಕಾಲ ಮೇಲೆ ಎದ್ದು ನಿಂತ ದಿನ ಅಪ್ಪ ಕಟ್ಟೆಯಿಂದ ತನ್ನ ಜೊತೆಗಾರರನ್ನೆಲ್ಲ ಕರೆತಂದು ತೋರಿಸಿದ. ಚಿಂತೆಯಲ್ಲಿದ್ದ ಆ ಗಂಡಸರು ಅವತ್ತು ಮಕ್ಕಳ ಹಾಗೆ ನಕ್ಕರು.

ಗೌರಿಯದು ಒಂದೇ ಕಟ್ಟಪ್ಪಣೆ.

"ಅಕ್ಕಾ, ಟಕ್ ಅಂದ ಮ್ಯಾಲ ಕೊಡಾಕ ಬೇಕು. ಕೊಡೂದಿಲ್ಲಂದ್ರ ಟಕ್ ಅನಬಾರದು. ಅದು ಪಾಪ, ಖರೆ ಅಂತ ತಿಳಕೊಂಡ ಬರತೈತಿ."

ಒಮ್ಮೆ ಕೈತಪ್ಪಿ ಲಾಳಿ ಟಕ್ ಅಂದುಬಿಟ್ಟಿತು, ಮನೆಯಲ್ಲಿ ಒಂದು ಎಲೆಯೂ ಇರಲಿಲ್ಲ. ಬಂದು ನಿಂತ ಕಂಡಿಕಿಯನ್ನು ನೋಡಿ ಗೌರಿ ಪಕ್ಕದ ಮನೆಗೆ ಓಡಿ ಮೂಲಂಗಿ ಎಲೆ ಬೇಡಿ ತಂದಳು. ನನಗೆ ಸಿಟ್ಟು ಬಂತು. ಮೊಲಕ್ಕೆ ಏನು ತಿಳಿಯುತ್ತದೆ, ಇವಳದೊಂದು ಅತಿ ಅನ್ನಿಸಿತು. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು. ನಾನು ದೊಡ್ಡವಳು, ಆದರೆ ಮೊಲ ಅವಳದಾಗಿತ್ತು.

ಮಗ್ಗಗಳು ಮತ್ತೆ ಸುರುವಾದವು. ಅಪ್ಪ ಹೊಸ ಅಂಗಿ ಹಾಕಿದವನಂತೆ ಹುರುಪಿನಲ್ಲಿದ್ದ. ಆದರೆ ಲಾಳಿಯೊಳಗಿನ ಕಂಡಿಕಿ ಮುಗಿದಾಗಲೆಲ್ಲ ಅವನು ಮಗ್ಗ ನಿಲ್ಲಿಸಿ ಲಾಳಿ ತೆಗೆದು, ಹೊಸದನ್ನು ಸಿಕ್ಕಿಸಿ ಒತ್ತಬೇಕಲ್ಲ? ಟಕ್. ಎರಡು ನಿಮಿಷಕ್ಕೊಮ್ಮೆ ಟಕ್. ನಮ್ಮ ಮೊಲ ಎಲ್ಲಿದ್ದರೂ ಓಡಿ ಬಂದು ಅಪ್ಪನ ಕಾಲ ಬಳಿ ಎರಡು ಕಾಲ ಮೇಲೆ ನಿಲ್ಲುತ್ತಿತ್ತು.

"ಅಪ್ಪಾ, ನಿನ್ನ ಲಾಳಿ ಸುಳ್ಳ ಹೇಳಾಕತ್ತೈತಿ," ಅಂದಳು ಗೌರಿ, ಕಣ್ಣಲ್ಲಿ ನೀರು.

ಬೇರೆ ಯಾರಾದರೂ ಆಗಿದ್ದರೆ ಗದರುತ್ತಿದ್ದರು. ಅಪ್ಪ ಮರುದಿನದಿಂದ ಅಂಗಿಯ ಜೇಬಿನಲ್ಲಿ ಕೊತ್ತಂಬರಿ ಇಟ್ಟುಕೊಂಡ. ಕೆಲಸದ ನಡುವೆ ಬಗ್ಗಿ ಒಂದೊಂದು ಎಲೆ ಕೊಡುತ್ತಿದ್ದ. ಮಗ್ಗದ ಬೆಲ್ಟಿನ ಹತ್ತಿರ ಅದು ಓಡಾಡುವುದು ಅಪಾಯವೆಂದು ಎರಡು ದಿನದಲ್ಲೇ ಅದನ್ನು ಹಿತ್ತಲಿಗೆ ಹಾಕಿದೆವು. ಅಲ್ಲಿ ಎಲ್ಲ ಸದ್ದೂ ಒಂದೇ ಗದ್ದಲವಾಗಿ ಕೇಳುತ್ತಿತ್ತೇ ಹೊರತು ಅಪ್ಪನ ಟಕ್ ಬೇರೆಯಾಗಿ ಕೇಳುತ್ತಿರಲಿಲ್ಲ. ಗೌರಿ ಸಮಾಧಾನ ಮಾಡಿಕೊಂಡಳು.

ಅಷ್ಟರಲ್ಲಿ ಚಿಮ್ಮಡದಿಂದ ದೊಡ್ಡವ್ವ ಬಂದು, ಸಾಲೆ ಸುರುವಾಗುವ ಮುಂಚೆ ಹತ್ತು ದಿನ ಇರಲೆಂದು ಗೌರಿಯನ್ನು ಕರೆದುಕೊಂಡು ಹೋದಳು. ನಾನು ಅವ್ವನಿಗೆ ನೂಲಿನ ಕಂಡಿಕಿ ಸುತ್ತಿ ಕೊಡಲು ಮನೆಯಲ್ಲೇ ಉಳಿದೆ. ಹೋಗುವಾಗ ಗೌರಿ ಲಾಳಿಯನ್ನು ನನ್ನ ಕೈಗೆ ಕೊಟ್ಟು, "ಬರಿಗೈಲೆ ಟಕ್ ಅನಬ್ಯಾಡ ಅಕ್ಕಾ, ಆಣಿ ಮಾಡ," ಅಂದಳು. ನಾನು ಆಣೆ ಮಾಡಿದೆ.

ಮೂರನೇ ದಿನ ಓಣಿಯ ಹುಡುಗಿಯರು ಬಂದರು.

"ಸುಮಿ, ನಿಮ್ಮ ಮೊಲಾ ಕುಣೀತೈತಂತಲ್ಲ? ತೋರಸ್ ನೋಡೂಣು."

ಗಜ್ಜರಿ ತೀರಿತ್ತು. ಬಜಾರಕ್ಕೆ ಹೋಗಲು ಬೇಸರ. "ನನಗ ಏನೂ ಬೇಕಾಗೂದಿಲ್ಲ, ನಾ ಕರದ್ರ ಬರತೈತಿ," ಎಂದು ಟಕ್ ಅನ್ನಿಸಿದೆ. ಹಿತ್ತಲಿನ ಆ ತುದಿಯಿಂದ ಕಂಡಿಕಿ ಓಡೋಡಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನ್ನ ತಲೆಗೇರಿತು. ಮತ್ತೆ ಟಕ್, ಮಣೆ ಹತ್ತಿತು. ಮತ್ತೆ ಟಕ್, ಎದ್ದು ನಿಂತಿತು. ನನ್ನ ಖಾಲಿ ಅಂಗೈಯನ್ನು ಮೂಸಿ ಮೂಸಿ ನೋಡಿತು. "ನಂಗೊಮ್ಮೆ ಕೊಡ, ನಂಗೊಮ್ಮೆ ಕೊಡ" ಎಂದು ಒಬ್ಬೊಬ್ಬರೂ ಲಾಳಿ ಕಸಿದುಕೊಂಡು ಟಕಟಕ ಅನ್ನಿಸಿದರು. ಮರುದಿನವೂ ಬಂದರು, ಅದರ ಮರುದಿನವೂ. ಗಜ್ಜರಿ ತಂದಿದ್ದರೂ ನಾನು ಕೊಡಲಿಲ್ಲ. ತಿನಿಸಿಗಾಗಿ ಅಲ್ಲ, ನನಗಾಗಿ ಬರಬೇಕು ಅದು. ಅಷ್ಟೇ ನನ್ನ ಹಟ.

ಚಹಾ ಕುಡಿಯಲು ಹಿತ್ತಲಿಗೆ ಬಂದ ಅಪ್ಪ ಒಮ್ಮೆ ನೋಡಿದ.

"ಬರಿಗೈಲೆ ಕರಿಬ್ಯಾಡ ಬೇ. ಅದರ ನಂಬಿಗಿ ಹೋಗತೈತಿ."

"ಈಗಷ್ಟ ಕೊಟ್ಟೇನಪ್ಪಾ," ಅಂದೆ. ಹಸಿ ಸುಳ್ಳು. ಅಪ್ಪ ಚಹಾದ ಕಪ್ಪು ಕೆಳಗಿಟ್ಟು ಒಳಗೆ ಹೋದ.

ಆರೇಳು ದಿನಕ್ಕೆ ಕಂಡಿಕಿ ಓಡಿ ಬರುವುದನ್ನು ಬಿಟ್ಟಿತು. ಮೊದಲು ನಡೆದು ಬಂತು, ಆಮೇಲೆ ಅರ್ಧದಾರಿಗೆ ನಿಂತಿತು, ಕೊನೆಗೆ ಕಿವಿಯನ್ನಷ್ಟೇ ತಿರುಗಿಸಿ ಕೂತುಬಿಟ್ಟಿತು. ಮೈಗಳ್ಳ ಆಗಿದೆ ಎಂದು ನಾನು ಬೈದೆ. ಹುಡುಗಿಯರಿಗೂ ಬೇಸರವಾಯಿತು, ಅವರು ಬರುವುದು ನಿಂತಿತು.

ಗೌರಿ ತಿರುಗಿ ಬಂದದ್ದು ಮಧ್ಯಾಹ್ನ. ಚೀಲದಲ್ಲಿ ಚಿಮ್ಮಡದ ಹೊಲದ ಗಜ್ಜರಿ, ಮಣ್ಣು ಇನ್ನೂ ಹಸಿ. ಸೀದಾ ಹಿತ್ತಲಿಗೆ ಓಡಿದಳು. ಕಂಡಿಕಿ ಇರಲಿಲ್ಲ. ನೂಲಿನ ಮೂಟೆ ಇಳಿಸಿ ಹೋದ ಗಾಡಿಯವನು ಹಿತ್ತಲ ಬಾಗಿಲು ತೆರೆದೇ ಬಿಟ್ಟಿದ್ದ.

ಗೌರಿ ಮಣೆಯ ಮೇಲಿದ್ದ ಲಾಳಿ ತೆಗೆದುಕೊಂಡಳು, ಇಬ್ಬರೂ ಓಣಿಗೆ ಬಂದೆವು. ಅದೇ ಹೊತ್ತಿಗೆ ಕರೆಂಟು ಹೋಗಿತ್ತು. ಓಣಿಯ ಮಗ್ಗಗಳೆಲ್ಲ ನಿಂತು, ಸೂಜಿ ಬಿದ್ದರೂ ಕೇಳುವಷ್ಟು ಸುಮ್ಮನಿತ್ತು. ಓಣಿಯ ಆ ತುದಿಯಲ್ಲಿ, ಗಟಾರದ ಪಕ್ಕ, ಕಂಡಿಕಿ ಮುಂಗಾಲಿನಿಂದ ಮುಖ ಒರೆಸಿಕೊಳ್ಳುತ್ತ ಕೂತಿತ್ತು. ಅದರಾಚೆ ನಿಲ್ಲಿಸಿದ್ದ ಟ್ರ್ಯಾಕ್ಟರಿನ ನೆರಳಲ್ಲಿ ಎರಡು ನಾಯಿ ಮಲಗಿದ್ದವು.

ನಮ್ಮ ಹಿಂದೆಯೇ ಹೊರಗೆ ಬಂದ ಅಪ್ಪ, "ಯಾರೂ ಓಡಬ್ಯಾಡ್ರಿ. ಓಡಿದ್ರ ಬೆದರಿ ನಾಯಿ ಕಡೇನ ಹೊಕ್ಕೈತಿ. ತಂಗಿ, ನೀ ಕರಿ," ಅಂದ.

ಗೌರಿ ಲಾಳಿ ಎತ್ತಿದಳು. ಇನ್ನೊಂದು ಕೈಯಲ್ಲಿ ಗಜ್ಜರಿ. ಟಕ್.

ಕಂಡಿಕಿಯ ಕಿವಿ ನಮ್ಮ ಕಡೆ ತಿರುಗಿತು. ಕೇಳಿಸಿತ್ತು. ತಲೆಯೆತ್ತಿ ಗೌರಿಯನ್ನು ನೋಡಿತು. ಮತ್ತೆ ಮುಖ ಒರೆಸಿಕೊಳ್ಳತೊಡಗಿತು.

"ಕಂಡಿಕೀ, ಬಾ. ಖರೇನ ಐತಿ. ಬಾ," ಅನ್ನುತ್ತಿದ್ದಳು ಗೌರಿ. ಟಕ್, ಟಕ್, ಟಕ್. ಅದು ಯಾಕೆ ಬರುತ್ತಿಲ್ಲವೆಂದು ಆ ಓಣಿಯಲ್ಲಿ ನನಗೂ ಅಪ್ಪನಿಗೂ ಮಾತ್ರ ಗೊತ್ತಿತ್ತು. ಅಪ್ಪ ಗೋಡೆ ಹಿಡಿದು ಮೆಲ್ಲಗೆ ಹೆಜ್ಜೆ ಇಡುತ್ತ ಅರ್ಧ ಓಣಿ ದಾಟಿದ್ದ. ಅಷ್ಟರಲ್ಲಿ ಒಂದು ನಾಯಿ ಎದ್ದಿತು.

ಆಮೇಲಿನದನ್ನು ಬರೆಯಲಾರೆ. ಅಪ್ಪ ಹೆಗಲ ಮೇಲಿನ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದು ಹಿತ್ತಲಿನ ನುಗ್ಗೆ ಗಿಡದ ಬುಡದಲ್ಲಿ ಮಣ್ಣು ಮಾಡಿದ. ಗೌರಿ ಅಳಲಿಲ್ಲ. ಕೈಯಲ್ಲಿ ಗಜ್ಜರಿ ಹಾಗೇ ಇತ್ತು. ಅಪ್ಪ ಕೈ ತೊಳೆದುಕೊಂಡು ಬಂದಾಗ ಎದುರಿಗೆ ಹೋಗಿ ನಿಂತಳು.

"ನೀನ ಮಾಡಿದಿ. ನಿನ್ನ ಮಗ್ಗಾನ ಸುಳ್ಳ ಹೇಳಿ ಹೇಳಿ ಅದಕ್ಕ ಹಿಂಗ ಕಲಿಸೈತಿ. ನಾ ಇಲ್ದಾಗ ಅದನ್ನ ಮತ್ತ ಮಗ್ಗದ ಹತ್ರ ಬಿಟ್ಟಿ, ಏನೂ ಕೊಟ್ಟಿಲ್ಲ."

ಅಪ್ಪ ನನ್ನ ಕಡೆ ನೋಡಿದ. ಒಂದೇ ಸಲ. ನಾನು ನೆಲ ನೋಡಿದೆ.

"ಹೌದ ತಂಗಿ," ಅಂದ ಅಪ್ಪ. "ನಂದ ತಪ್ಪಾತು."

ಅಲ್ಲಿಯವರೆಗೆ ಗೌರಿ ಅಪ್ಪನ ತಾಟಿನಲ್ಲೇ ಉಣ್ಣುತ್ತಿದ್ದಳು. ಅಪ್ಪ ಜೋಳದ ರೊಟ್ಟಿ ಮುರಿದು, ಪಲ್ಯೆ ಹಚ್ಚಿ, ಅವಳ ಬದಿಗೆ ಸರಿಸುತ್ತಿದ್ದ. ಆ ಸಂಜೆ ಆಕೆ, "ಅವ್ವಾ, ನನಗ ಬ್ಯಾರೆ ತಾಟ ಕೊಡ," ಅಂದಳು. ಎಷ್ಟೋ ದಿನ ಅಪ್ಪ ತಾಟಿನ ಒಂದು ಬದಿ ಖಾಲಿ ಬಿಟ್ಟೇ ಉಂಡ. ಆಕೆ ಬರಲಿಲ್ಲ. ವರ್ಷ ಕಳೆದಂತೆ ಮಾತು ಸರಿಹೋಯಿತು, ಫೀ ಕೇಳುವುದು, ಸಾಲೆಯ ಸುದ್ದಿ ಹೇಳುವುದು ಎಲ್ಲ ನಡೆಯಿತು. ಆ ಸಲಿಗೆ ಮಾತ್ರ ತಿರುಗಿ ಬರಲಿಲ್ಲ.

ನಾನು ಹೇಳಬೇಕಿತ್ತು. ಮೊದಲ ದಿನ ಹೆದರಿ ಹೇಳಲಿಲ್ಲ. ಆಮೇಲೆ, ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದಿ ಅಂದಾರೆಂದು ಹೇಳಲಿಲ್ಲ. ಒಮ್ಮೆ ಮಗ್ಗದ ಬಳಿ ಚಹಾ ಕೊಡಲು ಹೋದವಳು ಅಪ್ಪನ ಮುಂದೆ ಅತ್ತುಬಿಟ್ಟೆ. ಅಪ್ಪ ಮಗ್ಗ ನಿಲ್ಲಿಸಿ ನನ್ನ ತಲೆಯ ಮೇಲೆ ಕೈ ಇಟ್ಟ.

"ಇರಲಿ ಬಿಡ. ಆಕಿ ಸಣ್ಣಾಕಿ, ಮರೀತಾಳ. ಅಕ್ಕ ತಂಗಿ ನೀವು ಛಲೋ ಇರ್ರಿ, ಅಷ್ಟ ಸಾಕು."

ಆ ಮಾತು ನನಗೆ ಎಷ್ಟು ಅನುಕೂಲವಾಯಿತು! ಅಪ್ಪನೇ ಬಿಡು ಅಂದಮೇಲೆ ನನ್ನದೇನು ಎಂದು ಹದಿನೈದು ವರ್ಷ ನೆಮ್ಮದಿಯಾಗಿ ಇದ್ದೆ.

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ನಮ್ಮ ಮಗ್ಗಗಳು ಗುಜರಿಗೆ ಹೋದವು. ಓಣಿಯಲ್ಲಿ ಈಗ ಅಲ್ಲೊಂದು ಇಲ್ಲೊಂದು ಹೊಸ ಮಗ್ಗ, ಅವಕ್ಕೆ ಲಾಳಿಯೇ ಇಲ್ಲ. ಹೋದ ತಿಂಗಳು ಗೌರಿ ಮುಧೋಳದ ತನ್ನ ಮನೆಯಿಂದ ಮೂರು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗು ಮೊಲ ಬೇಕೆಂದು ಹಟ ಹಿಡಿದಿತ್ತು. ಗೌರಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಮ್ಮನ್ಯಾಗೂ ಒಂದ ಮೊಲಾ ಇತ್ತು. ನಿಮ್ಮ ಅಜ್ಜಗ ಕೆಲಸದ ಗಡಿಬಿಡಿ, ಪಾಪ, ನೋಡಿಕೊಳ್ಳಾಕ ಆಗಲಿಲ್ಲ," ಎಂದು ಹೇಳತೊಡಗಿದಳು.

ನನಗೆ ತಡೆಯಲಾಗಲಿಲ್ಲ. ಹುಡುಗಿಯರು, ಚಪ್ಪಾಳೆ, ಖಾಲಿ ಅಂಗೈ, ಅಪ್ಪ ಎಚ್ಚರಿಸಿದ್ದು, ನಾನು ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಆಮೇಲೆ ಹಗುರಾಗುತ್ತೇನೆ ಅಂದುಕೊಂಡಿದ್ದೆ.

ಗೌರಿ ಮಗಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

"ಮೊಲದ ಮಾತ ಬಿಡ ಅಕ್ಕಾ," ಅಂದಳು. "ಮೊಲಾ ಹೋತು, ಹೋತು. ನಾ ಅಪ್ಪನ ಬಾಜೂ ಮತ್ತ ಎಂದೂ ಕುಂದರಲಿಲ್ಲಲ್ಲ. ಅಂವಾ ಇದ್ದಾಗ ಒಂದ ಮಾತ ಹೇಳಿದ್ರ, ಓಡಿ ಹೋಗಿ ಕುಂದರತಿದ್ನಿ."